ಡಬ್ಬಿಯ ಮೇಲಿನ ಹೆಸರಿಗೆ ಎಷ್ಟು ದುಡ್ಡು?

ಓದುಗರ ಗಾಡಿ ಪ್ರಶ್ನೆಗಳಿಗೆ ತಿಪಟೂರು ಬಿ.ಎಚ್. ರಸ್ತೆಯ ಮೆಕ್ಯಾನಿಕ್ ಒಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆಯಿಲ್ ಬಗ್ಗೆಯೇ. ಹೋದ ಸಂಚಿಕೆಯಲ್ಲಿ ನಾನು "ದುಬಾರಿ ಆಯಿಲ್ ಹಾಕಿಸಿದ ಮಾತ್ರಕ್ಕೆ ಎಂಜಿನ್ ಉಳಿಯೋದಿಲ್ಲ" ಅಂತ ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದೆ. ಆ ಒಂದು ಸಾಲಿಗೆ ಇಷ್ಟು ಜನ ಜಗಳಕ್ಕೆ ಬರುತ್ತಾರೆ ಅಂತ ಗೊತ್ತಿರಲಿಲ್ಲ. ಬ್ರೇಕ್ ಶೂ, ಬ್ಯಾಟರಿ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ ಇರಲಿ.

ಪ್ರಶ್ನೆ: ನನ್ನ ಮಗ ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದಾನೆ. 2018ರ ಟೊಯೊಟಾ ಕೊರೊಲಾ ಇಟ್ಟುಕೊಂಡಿದ್ದಾನೆ. ಮೊನ್ನೆ ವಿಡಿಯೊ ಕಾಲ್ ಮಾಡಿದಾಗ ತಾನೇ ಕಾರಿನ ಕೆಳಗೆ ಮಲಗಿ ಆಯಿಲ್ ಬದಲಾಯಿಸುತ್ತಿದ್ದ. ಡಬ್ಬಿ ಮೇಲೆ ಸೂಪರ್ ಟೆಕ್ ಅಂತಿತ್ತು. ವಾಲ್‌ಮಾರ್ಟ್ ಅಂಗಡಿಯವರ ಸ್ವಂತ ಆಯಿಲಂತೆ. ಹೆಸರುವಾಸಿ ಕಂಪನಿಯದಕ್ಕಿಂತ ತುಂಬಾ ಅಗ್ಗವಂತೆ. ನಮ್ಮ ಯಜಮಾನರು ಇದ್ದಾಗ ಅಂಬಾಸಿಡರ್‌ಗೆ ಒಂದೇ ಕಂಪನಿಯ ಆಯಿಲ್ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಅಕ್ಕಿ, ಸೋಪು ಮಾರುವ ಅಂಗಡಿಯ ಆಯಿಲ್ ನಂಬಬಹುದೇ? ಮಗನಿಗೆ ಹೇಳಿದರೆ ನಗುತ್ತಾನೆ.
— ನಿವೃತ್ತ ಶಿಕ್ಷಕಿ, ತುರುವೇಕೆರೆ

ಉತ್ತರ: ನಿಮ್ಮ ಮಗ ನಕ್ಕಿದ್ದು ತಪ್ಪು ಟೀಚರಮ್ಮ, ಆದರೆ ಹಾಕಿದ ಆಯಿಲ್ ತಪ್ಪಲ್ಲ.

ಮೊದಲು ಒಂದು ವಿಷಯ. ವಾಲ್‌ಮಾರ್ಟ್‌ನವರು ಆಯಿಲ್ ಮಾಡುವುದಿಲ್ಲ. ಮಾಡಿಸುತ್ತಾರೆ. ಅಮೆರಿಕದಲ್ಲಿ ಅಂಗಡಿಗಳ ಹೆಸರಿನಲ್ಲಿ ಆಯಿಲ್ ತಯಾರಿಸಿ ತುಂಬಿಕೊಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳಿವೆ. ನೆಬ್ರಾಸ್ಕಾ ರಾಜ್ಯದ ಓಮಾಹಾ ಊರಿನ ವಾರನ್ ಡಿಸ್ಟ್ರಿಬ್ಯೂಷನ್ ಅದರಲ್ಲಿ ದೊಡ್ಡದು. ತಿಪಟೂರಿನ ಕೊಬ್ಬರಿ ಯಾವ ಯಾವ ಊರಿನಲ್ಲಿ ಯಾರ ಯಾರ ಹೆಸರಿನ ಪ್ಯಾಕೆಟ್ ಸೇರುತ್ತದೆ ಅಂತ ನಮ್ಮ ಎಪಿಎಂಸಿ ಯಾರ್ಡಿನಲ್ಲಿ ನಿಂತವರಿಗೆ ಗೊತ್ತು. ಇದೂ ಹಾಗೇ.

ಇನ್ನೂ ಒಳಗೆ ಹೋದರೆ, ಡಬ್ಬಿಯಲ್ಲಿರುವುದು ಎರಡೇ. ಒಂದು ಬೇಸ್ ಆಯಿಲ್, ಅಂದರೆ ಮೂಲ ಎಣ್ಣೆ. ಇನ್ನೊಂದು ಅಡಿಟಿವ್, ಅಂದರೆ ಒಗ್ಗರಣೆ. ಎಂಜಿನ್ ಒಳಗಿನ ಕೊಳೆ ತೊಳೆಯುವುದು, ಆಮ್ಲ ಕೊಲ್ಲುವುದು, ಎಂಜಿನ್ನಿನ ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜಿ ಸವೆಯದಂತೆ ನೋಡಿಕೊಳ್ಳುವುದು ಎಲ್ಲ ಈ ಒಗ್ಗರಣೆಯ ಕೆಲಸ. ಬೇಸ್ ಆಯಿಲ್ ತೆಗೆಯುವ ರಿಫೈನರಿಗಳು ಲೆಕ್ಕದವು. ಒಗ್ಗರಣೆ ಮಾಡುವವರು ಇನ್ನೂ ಕಮ್ಮಿ. ಲುಬ್ರಿಜಾಲ್, ಇನ್‌ಫಿನಿಯಂ, ಆಫ್ಟನ್, ಶೆವ್ರಾನ್ ಒರೊನೈಟ್ ಅಂತ ನಾಲ್ಕು ದೊಡ್ಡ ಕಂಪನಿ. ಜಗತ್ತಿನ ಹೆಚ್ಚು ಪಾಲು ಆಯಿಲ್ ಡಬ್ಬಿಗಳಿಗೆ ಒಗ್ಗರಣೆ ಹೋಗುವುದು ಈ ನಾಲ್ಕು ಅಡುಗೆಮನೆಗಳಿಂದಲೇ. ಮೂವತ್ತು ಡಾಲರಿನ ಡಬ್ಬಿಗೂ ಇಪ್ಪತ್ತು ಡಾಲರಿನ ಡಬ್ಬಿಗೂ ಸಾಮಾನು ತರುವ ಸಂತೆ ಒಂದೇ ಅಂದ ಹಾಗಾಯಿತು.

ಸಂತೆ ಒಂದೇ ಆದರೂ ಕೈ ಬಿಗಿ ಹಿಡಿದು ಕಮ್ಮಿ ಸಾಮಾನು ಹಾಕಬಹುದಲ್ಲ? ಹಾಕಬಹುದು. ಅದನ್ನು ತಡೆಯುವುದು ಡಬ್ಬಿಯ ಹಿಂದಿನ ಒಂದು ಗುರುತು. ಮುಂದಿನ ಸಲ ವಿಡಿಯೊ ಕಾಲ್‌ನಲ್ಲಿ ಮಗನಿಗೆ ಡಬ್ಬಿ ತಿರುಗಿಸಿ ತೋರಿಸಲು ಹೇಳಿ. ನಡುವೆ ತೂತಿರುವ ಉದ್ದಿನ ವಡೆಯಂಥ ಒಂದು ಚಿತ್ರ ಕಾಣುತ್ತದೆ. ಅದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐಯ ಗುರುತು. ವಡೆಯ ಮೇಲರ್ಧದಲ್ಲಿ ಎಸ್‌ಪಿ ಅಂತಿರಬೇಕು. ಅದು 2020ರ ಮೇ ತಿಂಗಳಲ್ಲಿ ಬಂದ ದರ್ಜೆ. 2025ರ ಮಾರ್ಚ್ ಕೊನೆಯಿಂದ ಎಸ್‌ಕ್ಯೂ ಅಂತ ಇನ್ನೂ ಹೊಸದು ಬಂದಿದೆ. ಯಾವುದಿದ್ದರೂ ಆ ಕಾರಿಗೆ ನಡೆಯುತ್ತದೆ. ತೂತಿನ ಜಾಗದಲ್ಲಿ 0ಡಬ್ಲ್ಯು-20 ಅಂತಿರಬೇಕು. ಕೊರೊಲಾದವರ ಪುಸ್ತಕ ಹೇಳುವುದು ಅದನ್ನೇ. ಈ ವಡೆ ಸುಮ್ನೆ ಅಚ್ಚು ಹಾಕಿಕೊಳ್ಳುವುದಲ್ಲ. ಎಂಜಿನ್‌ನಲ್ಲಿ ಓಡಿಸಿದ ಪರೀಕ್ಷೆಗಳ ಫಲಿತಾಂಶ ಕೊಟ್ಟು, ಲೈಸೆನ್ಸ್ ಫೀ ಕಟ್ಟಿ ತಗೊಳ್ಳಬೇಕು. ಆಮೇಲೂ ಎಪಿಐಯವರು ಮಾರುಕಟ್ಟೆಯಿಂದ ಡಬ್ಬಿ ತಂದು ಒಳಗಿನದು ಸರಿಯಿದೆಯಾ ಅಂತ ನೋಡುತ್ತಾರೆ.

ನೀವು ಟೀಚರ್ ಆಗಿದ್ದವರು, ನಿಮಗೆ ಈ ಹೋಲಿಕೆ ಹಿಡಿಸುತ್ತದೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ಕಾನ್ವೆಂಟಿನವನೋ ಸರ್ಕಾರಿ ಶಾಲೆಯವನೋ, ಬೋರ್ಡ್ ಪರೀಕ್ಷೆಯ ಪೇಪರ್ ಒಂದೇ ಅಲ್ವಾ? ಆ ವಡೆ ಬೋರ್ಡ್ ಪರೀಕ್ಷೆ. ಒಬ್ಬ 40 ತೆಗೆದು ಪಾಸಾಗಿರಬಹುದು, ಇನ್ನೊಬ್ಬ 90 ತೆಗೆದಿರಬಹುದು. ಹೆಸರುವಾಸಿ ಕಂಪನಿಗಳು "ನಮ್ಮದು 90" ಅನ್ನುತ್ತವೆ. ಕೆಲವು ವಿಷಯದಲ್ಲಿ ಅದು ನಿಜವೂ ಇರುತ್ತದೆ. ಆದರೆ ಟೊಯೊಟಾದವರು ಆ ಎಂಜಿನ್ ಕಟ್ಟಿರುವುದು ಪಾಸಾದ ಆಯಿಲ್‌ಗೆ. ರ್‍ಯಾಂಕ್ ಬಂದ ಆಯಿಲ್ ಕೇಳುವ ಗಾಡಿಗಳು ಬೇರೆ. ಜರ್ಮನಿಯ ಟರ್ಬೊ ಕಾರುಗಳ ಪುಸ್ತಕದಲ್ಲಿ ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್‌ನವರು ತಮ್ಮದೇ ನಂಬರ್ ಬರೆದಿರುತ್ತಾರೆ. ಆ ನಂಬರ್ ಡಬ್ಬಿಯ ಮೇಲೆ ಇರಲೇಬೇಕು. ಅಂಗಡಿ ಆಯಿಲ್‌ಗಳಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ನಾಳೆ ನಿಮ್ಮ ಮಗ ಅಂಥ ಕಾರು ತಗೊಂಡರೆ ಸೂಪರ್ ಟೆಕ್ ಕೈಗೆತ್ತಿಕೊಳ್ಳುವ ಮುಂಚೆ ಪುಸ್ತಕ ಓದಲಿ.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಅಲ್ಲಿನ ಗ್ರಾಹಕರ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ನ್ಯೂಯಾರ್ಕಿನ 75 ಟ್ಯಾಕ್ಸಿಗಳಿಗೆ ಹೊಸದಾಗಿ ಕಟ್ಟಿದ ಎಂಜಿನ್ ಕೂರಿಸಿ, ಬೇರೆ ಬೇರೆ ಕಂಪನಿಯ ಆಯಿಲ್ ಹಾಕಿಸಿ, ಒಂದೊಂದನ್ನೂ 60,000 ಮೈಲಿ ಓಡಿಸಿದರು. ಆಮೇಲೆ ಬಿಚ್ಚಿ ಬೇರಿಂಗ್, ಕ್ಯಾಮ್ ಎಲ್ಲ ಅಳೆದರು. 1996ರಲ್ಲಿ ಅಚ್ಚಾದ ಫಲಿತಾಂಶ: ಕಂಪನಿಯಿಂದ ಕಂಪನಿಗೆ ಸವೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನಗೆ ಈ ಪರೀಕ್ಷೆ ಇಷ್ಟ. ಆದರೂ ಒಂದು ತಕರಾರಿದೆ. ಟ್ಯಾಕ್ಸಿ ಎಂಜಿನ್ ಆರುವುದೇ ಇಲ್ಲ. ಹಗಲೂ ರಾತ್ರಿ ಬಿಸಿಯಾಗೇ ಇರುತ್ತದೆ. ಎಂಜಿನ್ ಜಾಸ್ತಿ ಸವೆಯುವುದು ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ ಆ ಕೆಲವು ಕ್ಷಣದಲ್ಲಿ. ನಿಮ್ಮ ಮಗನ ಕಾರು ಒಹಾಯೊ ಚಳಿಯಲ್ಲಿ ರಾತ್ರಿಯಿಡೀ ಹೊರಗೆ ನಿಲ್ಲುತ್ತದೆ.

ಅದಕ್ಕೇ ನಾನು ಹೆಸರಿಗಿಂತ ಆ ಮೊದಲ ಅಂಕಿಗೆ ಬೆಲೆ ಕೊಡುತ್ತೇನೆ. ಧನುರ್ಮಾಸದ ಬೆಳಗ್ಗೆ ನಮ್ಮ ಮನೆಗಳಲ್ಲಿ ತೆಂಗಿನೆಣ್ಣೆ ಬಾಟಲಿ ಬೋರಲು ಹಾಕಿದರೂ ಒಂದು ಹನಿ ಬೀಳುವುದಿಲ್ಲ. ಬಿಸಿಲಿಗೆ ಇಟ್ಟು ಕಾಯುತ್ತೇವೆ. ಎಂಜಿನ್ ಕಾಯುವುದಿಲ್ಲ. ಕೀಲಿ ತಿರುಗಿಸಿದ ತಕ್ಷಣ ಆಯಿಲ್ ಮೇಲೆ ಏರಬೇಕು. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. 0ಡಬ್ಲ್ಯು ಆಯಿಲ್ ಮೈನಸ್ 35 ಡಿಗ್ರಿಯಲ್ಲೂ ಗಟ್ಟಿಯಾಗಿ ಎಂಜಿನ್ನನ್ನು ಹಿಡಿದಿಟ್ಟುಕೊಳ್ಳಬಾರದು ಅನ್ನುವುದು ನಿಯಮ. 10ಡಬ್ಲ್ಯುಗೆ ಆ ಪರೀಕ್ಷೆ ಮೈನಸ್ 25ರಲ್ಲಿ. ಕೊನೆಯ 20 ಅನ್ನುವುದು ನೂರು ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಉಳಿಯುತ್ತದೆ ಅಂತ. ಅಗ್ಗದ 0ಡಬ್ಲ್ಯು-20 ಆ ಚಳಿಯಲ್ಲಿ ದುಬಾರಿ 20ಡಬ್ಲ್ಯು-50ಗಿಂತ ಸಾವಿರ ಪಾಲು ವಾಸಿ.

ಒಂದು ಎಚ್ಚರಿಕೆ ಮಾತ್ರ ಹೇಳಿ. ಅಂಗಡಿ ಆಯಿಲ್ ಬೇರೆ, ಅಗ್ಗದ ಆಯಿಲ್ ಬೇರೆ. ಅದೇ ಅಮೆರಿಕದಲ್ಲಿ ಎಲ್ಲವೂ ಒಂದೆರಡು ಡಾಲರಿಗೆ ಸಿಗುವ ಅಂಗಡಿಗಳಿವೆ. ಅಂಥ ಕಡೆ ಹಳೇ ದರ್ಜೆಯ ಆಯಿಲ್ ಮಾರಿ, ವಿಷಯ ಕೋರ್ಟಿನ ತನಕ ಹೋಗಿದ್ದಿದೆ. ಎಸ್‌ಎ ದರ್ಜೆಯ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ "1930ರ ನಂತರದ ಹೆಚ್ಚಿನ ಕಾರುಗಳಿಗೆ ಸೂಕ್ತವಲ್ಲ" ಅಂತ ಬರೆದಿರುತ್ತದೆ. 1930! ನಮ್ಮ ತಾತನ ಕಾಲದ ಕಾರು ಯಾರ ಹತ್ತಿರ ಇದೆ? ಮೋಸ ಅಂತ ಹೇಳುವ ಹಾಗೂ ಇಲ್ಲ, ಬರೆದಿದ್ದಾರಲ್ಲ.

ಇನ್ನು ಯಜಮಾನರು ಒಂದೇ ಕಂಪನಿ ಹಿಡಿದುಕೊಂಡಿದ್ದರು ಅಂದಿರಿ. ಅವರ ಕಾಲಕ್ಕೆ ಅದು ಸರಿಯಾಗೇ ಇತ್ತು. ಆಗ ಆಯ್ಕೆ ಇದ್ದದ್ದೇ ನಾಲ್ಕಾರು. ಅಂದ ಹಾಗೆ, ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದು ಕ್ಯಾಸ್ಟರ್ ಆಯಿಲ್‌ನಿಂದ. 1909ರ ಸುಮಾರಿನಲ್ಲಿ ಅವರ ಆಯಿಲ್‌ಗೆ ಹರಳೆಣ್ಣೆ ಬೆರೆಸುತ್ತಿದ್ದರು. ನಮ್ಮ ಅಜ್ಜಿ ಗಾಡಿ ಅಚ್ಚಿಗೂ ಮೊಮ್ಮಕ್ಕಳ ಹೊಟ್ಟೆಗೂ ಅದನ್ನೇ ಬಳಸುತ್ತಿದ್ದರು. ಅವರಿಗೆ ಬ್ರ್ಯಾಂಡ್ ಬೇಕಾಗಿರಲಿಲ್ಲ.

ಪ್ರಶ್ನೆ: ನನ್ನ ಸ್ಪ್ಲೆಂಡರ್‌ಗೆ ಅಣ್ಣನ ಕಾರಿನಲ್ಲಿ ಉಳಿದ ಒಳ್ಳೇ ಕಂಪನಿಯ ಸಿಂಥೆಟಿಕ್ ಆಯಿಲ್ ಹಾಕಿದೆ. ಬೈಕಿನ ಆಯಿಲ್‌ಗಿಂತ ಎರಡು ಪಟ್ಟು ರೇಟಿನದು. ಈಗ ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ.
— ಕಡೂರಿನಿಂದ

ಉತ್ತರ: ಕ್ಲಚ್ ಜಾರುತ್ತಿದೆ. ಇವತ್ತೇ ಇಳಿಸಿ.

ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನದು ಒಣ ಕ್ಲಚ್. ಕಾರಿನ ತೆಳು ಆಯಿಲ್‌ಗಳಲ್ಲಿ ಮೈಲೇಜ್ ಬರಲಿ ಅಂತ ಜಾರಿಸುವ ಮದ್ದು ಹಾಕಿರುತ್ತಾರೆ. ಕಾರಿಗೆ ಅದು ಒಳ್ಳೆಯದು. ಕ್ಲಚ್ ಪ್ಲೇಟಿಗೆ ಅದು ಮಳೆಗಾಲದ ಪಾಚಿ. ಬೈಕಿಗೆ ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 ಅಂತ ಇರಲೇಬೇಕು. ಜಪಾನಿನವರು ಮಾಡಿದ ದರ್ಜೆ ಅದು. ನಿಮ್ಮ ಗಾಡಿಗೆ 10ಡಬ್ಲ್ಯು-30, ಜಾಸೋ ಎಂಎ. ಸರಿಯಾದ ಆಯಿಲ್ ಹಾಕಿ ನೂರು ಕಿಲೋಮೀಟರ್ ಓಡಿಸಿ ಇನ್ನೊಂದು ಸಲ ಬದಲಾಯಿಸಿ. ಪ್ಲೇಟ್ ಸುಟ್ಟಿಲ್ಲದಿದ್ದರೆ ಹಿಡಿತ ವಾಪಸ್ ಬರುತ್ತದೆ. ಸುಟ್ಟಿದ್ದರೆ ಅಣ್ಣನ ಹತ್ತಿರ ಪ್ಲೇಟಿನ ದುಡ್ಡು ಕೇಳಿ.

ಪ್ರಶ್ನೆ: ಆಕ್ಟಿವಾಗೆ ಶೋರೂಮಿನಲ್ಲಿ ಅವರದೇ ಆಯಿಲ್ ಹಾಕುತ್ತಾರೆ. ಹೊರಗೆ ಪೆಟ್ರೋಲ್ ಬಂಕಿನಲ್ಲಿ ಸರ್ಕಾರಿ ಕಂಪನಿ ಆಯಿಲ್ ಸಿಗುತ್ತದೆ, ಅಂಗಡಿಯಲ್ಲಿ ವಿದೇಶಿ ಕಂಪನಿಯದು ಸಿಗುತ್ತದೆ. ಶೋರೂಮಿನವರು "ಬೇರೆ ಹಾಕಿದರೆ ಎಂಜಿನ್ ಹೋಗುತ್ತೆ" ಅಂತ ಹೆದರಿಸುತ್ತಾರೆ. ಯಾವುದು ಸರಿ ಅಣ್ಣಾ?
— ಬ್ಯಾಂಕ್ ಉದ್ಯೋಗಿ, ಹಾಸನ

ಉತ್ತರ: ವಾರಂಟಿ ಇರುವ ತನಕ ಶೋರೂಮಿನಲ್ಲೇ ಹಾಕಿಸಿಕೊಳ್ಳಿ ತಂಗಿ, ಬಿಲ್ ಎತ್ತಿಡಿ. ಆಯಿಲ್ ಬೇರೆ ಅಂತಲ್ಲ, ನಾಳೆ ಏನಾದರೂ ಆದರೆ ಆ ಕಾಗದದ ಮೇಲೆ ವಾದ ಮಾಡಬೇಕಾಗುತ್ತದೆ.

ವಾರಂಟಿ ಮುಗಿದ ಮೇಲೆ ನಿಮ್ಮಿಷ್ಟ. ಗಾಡಿ ಕಂಪನಿಯವರ ಹೆಸರಿನ ಆಯಿಲ್ ಅಂದರೆ ನಮ್ಮ ದೇಶದ ಅಂಗಡಿ ಆಯಿಲ್ ಇದ್ದ ಹಾಗೆ. ಗಾಡಿ ಮಾಡುವವರು ಆಯಿಲ್ ಕಾಯಿಸುವುದಿಲ್ಲ. ಬಜಾಜ್‌ನವರ ಡಿಟಿಎಸ್-ಐ 10000 ಡಬ್ಬಿ ಕೈಗೆ ಸಿಕ್ಕಿದರೆ ನೋಡಿ, ಜೊತೆಗೆ ಗಲ್ಫ್ ಕಂಪನಿಯ ಹೆಸರೂ ಇರುತ್ತದೆ. ಅದರಲ್ಲಿ ಮುಚ್ಚುಮರೆ ಏನಿಲ್ಲ. ಸರ್ಕಾರಿ ಕಂಪನಿಗಳದು ಅಂತ ಮೂಗು ಮುರಿಯುವ ಅಭ್ಯಾಸ ನಮ್ಮ ಗ್ಯಾರೇಜಿನವರಲ್ಲೂ ಇದೆ. ಇಂಡಿಯನ್ ಆಯಿಲ್‌ನ ಸರ್ವೋ 1972ರಿಂದ ಇದೆ. ಅದೇ ವರ್ಷ ಶುರುವಾದ ಅವರ ಸಂಶೋಧನಾ ಕೇಂದ್ರ ಫರೀದಾಬಾದಿನಲ್ಲಿದೆ. ಭಾರತ್ ಪೆಟ್ರೋಲಿಯಂನ ಮ್ಯಾಕ್, ಎಚ್‌ಪಿಯವರ ಆಯಿಲ್‌ಗಳೂ ಹಾಗೇ. ಇವರಿಗೆ ಬೇಸ್ ಆಯಿಲ್ ಮನೆಯದೇ. ಟಿವಿಯಲ್ಲಿ ಕ್ರಿಕೆಟ್ ಆಟಗಾರನನ್ನು ತಂದು ನಿಲ್ಲಿಸುವ ಖರ್ಚು ಕಮ್ಮಿ. ನನ್ನ ಸ್ವಂತ ಗಾಡಿಗೆ ಹತ್ತು ವರ್ಷದಿಂದ ಬಂಕಿನ ಆಯಿಲೇ.

ಆಕ್ಟಿವಾದಲ್ಲಿ ನೋಡಬೇಕಾದ್ದು ಬೇರೆಯೇ ಇದೆ. ಅದರಲ್ಲಿ ಕಾರಿನ ಹಾಗೆ ಪೇಪರ್ ಫಿಲ್ಟರ್ ಇಲ್ಲ. ಒಂದು ಸಣ್ಣ ಜಾಲರಿ ಅಷ್ಟೆ. ದಪ್ಪ ಕಸ ನಿಲ್ಲುತ್ತದೆ, ಸಣ್ಣದೆಲ್ಲ ಆಯಿಲ್ ಜೊತೆ ಸುತ್ತುತ್ತಲೇ ಇರುತ್ತದೆ. ಹಿಡಿಯುವ ಆಯಿಲೂ ಮುಕ್ಕಾಲು ಲೀಟರಿನ ಒಳಗೇ. ಅಷ್ಟು ಕಮ್ಮಿ ನೀರಿನಲ್ಲಿ ಅಷ್ಟು ಪಾತ್ರೆ ತೊಳೆದರೆ ನೀರು ಎಷ್ಟು ಹೊತ್ತು ಚೆನ್ನಾಗಿರುತ್ತದೆ? ಹಾಗಾಗಿ ಬ್ರ್ಯಾಂಡ್ ಹುಡುಕುವ ಬದಲು ತಾರೀಖು ನೋಡಿ. ಹೆಣ್ಣುಮಕ್ಕಳ ಗಾಡಿ ಕಮ್ಮಿ ಓಡುತ್ತದೆ ಅಂತ ಎರಡು ವರ್ಷ ಒಂದೇ ಆಯಿಲ್‌ನಲ್ಲಿ ಬಿಡುವ ಗಂಡಂದಿರನ್ನು ನೋಡಿದ್ದೇನೆ. ದಿನಾ ಒಂದೊಂದೂವರೆ ಕಿಲೋಮೀಟರ್ ಓಡಿಸಿ ನಿಲ್ಲಿಸುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ಆರುವುದಿಲ್ಲ. ಆಯಿಲ್ ಮುಚ್ಚಳ ಬಿಚ್ಚಿದರೆ ಕೆಳಗೆ ಮಜ್ಜಿಗೆ ಬಣ್ಣದ ನೊರೆ ಕಟ್ಟಿರುತ್ತದೆ. ಅಂಥ ಗಾಡಿಗೇ ಬೇಗ ಬದಲಾಯಿಸಬೇಕು. ಆರು ತಿಂಗಳಿಗೊಮ್ಮೆ ಅಂತ ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ಸ್ಟಿಕ್ ಬಿಚ್ಚಿ, ಒರೆಸಿ, ಅದ್ದಿ ನೋಡಿ. ನನ್ನ ಗ್ಯಾರೇಜಿಗೆ ಸತ್ತು ಬಂದ ಎಂಜಿನ್‌ಗಳಲ್ಲಿ ಹೆಚ್ಚಿನವು ಕೆಟ್ಟ ಆಯಿಲ್‌ನಿಂದ ಸತ್ತದ್ದಲ್ಲ. ಆಯಿಲ್ ಇಲ್ಲದೇ ಸತ್ತದ್ದು.

ಪ್ರಶ್ನೆ: ಹೊಸ ಆಯಿಲ್ ಹಾಕಿಸಿ ಎಂಟೇ ದಿನಕ್ಕೆ ಕಪ್ಪಾಯಿತು. ಡೀಸೆಲ್ ಬೊಲೆರೊ. ಅಗ್ಗದ ಮಾಲು ಹಾಕಿದ್ದಾರೆ ಅಂತ ಅನುಮಾನ.
— ಅರಸೀಕೆರೆ

ಉತ್ತರ: ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕಪ್ಪಾಗದಿದ್ದರೆ ಅನುಮಾನ ಪಡಿ. ಮಸಿಯನ್ನು ಹಿಡಿದು ತನ್ನಲ್ಲಿ ಇಟ್ಟುಕೊಳ್ಳುವುದೇ ಅದರ ಕೆಲಸ. ನೆಲ ಒರೆಸಿದ ಬಟ್ಟೆ ಬೆಳ್ಳಗೇ ಉಳಿದರೆ ನೆಲ ಒರೆಸಿಲ್ಲ ಅಂತ ಅರ್ಥ.

ಪ್ರಶ್ನೆ: ನಮ್ಮೂರಿನ ಅಂಗಡಿಯಲ್ಲಿ ಡ್ರಮ್‌ನಿಂದ ಅಳೆದು ಕೊಡುವ ಲೂಸ್ ಆಯಿಲ್ ಸಿಗುತ್ತದೆ. ಟಿಲ್ಲರ್‌ಗೂ ಟ್ರ್ಯಾಕ್ಟರ್‌ಗೂ ಅದನ್ನೇ ಹಾಕುತ್ತೇವೆ. ಕಂಪನಿ ಡಬ್ಬಿಗಿಂತ ಲೀಟರಿಗೆ ನೂರು ರೂಪಾಯಿ ಉಳಿಯುತ್ತದೆ. ನೀವೇ ಹೆಸರಿಗೆ ದುಡ್ಡು ಕೊಡಬೇಡಿ ಅಂದಿದ್ದಿರಿ.
— ತೆಂಗು ಬೆಳೆಗಾರ, ಹುಳಿಯಾರು

ಉತ್ತರ: ಹೆಸರಿಗೆ ದುಡ್ಡು ಕೊಡಬೇಡಿ ಅಂದೆ ಗೌಡ್ರೇ, ಹೆಸರೇ ಇಲ್ಲದ್ದನ್ನು ತಗೊಳ್ಳಿ ಅನ್ನಲಿಲ್ಲ.

ಮೇಲೆ ಟೀಚರಮ್ಮನಿಗೆ ಬರೆದದ್ದು ಒಂದು ಭರವಸೆಯ ಮೇಲೆ ನಿಂತಿದೆ. ಡಬ್ಬಿಯ ಹಿಂದಿನ ವಡೆ ಸುಳ್ಳಲ್ಲ ಅನ್ನುವ ಭರವಸೆ. ಡ್ರಮ್ಮಿಗೆ ಯಾವ ವಡೆ? ಹೊರಗೆ ಒಳ್ಳೇ ಕಂಪನಿಯ ಬಣ್ಣವೇ ಇರಬಹುದು. ಆದರೆ ಅದನ್ನು ಎಷ್ಟು ಸಲ ಖಾಲಿ ಮಾಡಿ ಏನು ತುಂಬಿದರು ಅಂತ ಯಾರಿಗೆ ಗೊತ್ತು. ಗ್ಯಾರೇಜುಗಳಿಂದ ಇಳಿಸಿದ ಹಳೇ ಆಯಿಲ್ ಕೊಳ್ಳುವವರು ತಿಂಗಳಿಗೊಮ್ಮೆ ಟೆಂಪೊ ತರುತ್ತಾರೆ. ಅದನ್ನು ಸರಿಯಾಗಿ ಮತ್ತೆ ಶುದ್ಧ ಮಾಡುವ ಕಾರ್ಖಾನೆಗಳಿವೆ, ಅದು ಒಳ್ಳೇ ಕೆಲಸ. ಆದರೆ ಬರೀ ಸೋಸಿ, ಬಣ್ಣ ಬರಿಸಿ, ಮಂದ ಬರಲು ಏನೋ ಬೆರೆಸಿ ತಿರುಗಿ ಮಾರುವವರೂ ಇದ್ದಾರೆ. ಬೆರಳಲ್ಲಿ ಉಜ್ಜಿದರೆ ಅದು ಹೊಸ ಆಯಿಲ್‌ನ ಹಾಗೇ ಜಿಗುಟಾಗಿರುತ್ತದೆ. ಒಗ್ಗರಣೆ ಮಾತ್ರ ಇರುವುದಿಲ್ಲ. ಬೆರಳಿಗೆ, ಮೂಗಿಗೆ, ಕಣ್ಣಿಗೆ ಒಗ್ಗರಣೆ ಗೊತ್ತಾಗುವುದಿಲ್ಲ. ಮೂವತ್ತು ವರ್ಷದ ಕೈ ನನ್ನದು, ನನಗೂ ಗೊತ್ತಾಗುವುದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ಗ್ಯಾರೇಜ್ ಇಟ್ಟ ಹೊಸತು. ಸಾಲ ಇತ್ತು. ಒಬ್ಬ ಬಂದು ಬಾಯಿಗೆ ಬಂದ ರೇಟಿಗೆ ಬಕೆಟ್‌ಗಟ್ಟಲೆ ಆಯಿಲ್ ಇಳಿಸಿ ಹೋದ. ಹಾಲು ಹಾಕುವ ಒಬ್ಬರ ಸಿಡಿ 100 ಬೈಕಿಗೆ ಅದನ್ನೇ ಹಾಕಿದೆ. ಎರಡೂ ಕಡೆ ಕ್ಯಾನು ನೇತುಹಾಕಿಕೊಂಡು ದಿನಾ ಊರೂರು ಸುತ್ತುವ ಗಾಡಿ ಅದು. ಎರಡು ತಿಂಗಳಿಗೆ ವಾಪಸ್ ಬಂದರು. ಮೇಲೆ ಟಕಟಕ ಅಂತ ಸದ್ದು. ಟ್ಯಾಪೆಟ್ ಬಿಗಿ ಮಾಡಿ ಕಳಿಸಿದೆ. ವಾರಕ್ಕೆ ಮತ್ತೆ ಬಂದರು. ಹೆಡ್ ಬಿಚ್ಚಿ ನೋಡಿದರೆ ಕ್ಯಾಮ್‌ನ ಮೂಗು ಚೀಪಿದ ಮಾವಿನ ಓಟೆ ಥರ ಸವೆದು ಹೋಗಿದೆ. ರಾಕರ್ ಆರ್ಮ್ ಎರಡೂ ಗುಳಿ ಬಿದ್ದಿವೆ. ಅವರು ಒಂದು ಮಾತು ಬೈಯಲಿಲ್ಲ. "ಹಾಲು ಹೊತ್ತಿಗೆ ಹೋಗಬೇಕು ಕಣಪ್ಪ" ಅಂದರು. ಅಷ್ಟೆ. ಕ್ಯಾಮ್, ರಾಕರ್ ನನ್ನ ಕೈಯಿಂದ ಹಾಕಿಕೊಟ್ಟೆ. ರಿಪೇರಿ ಮುಗಿಯುವ ತನಕ ನನ್ನ ಗಾಡಿ ಕೊಟ್ಟೆ. ಉಳಿದ ಆಯಿಲ್ ಗೇಟಿನ ಕೀಲಿಗೆ, ಸೈಕಲ್ ಚೈನಿಗೆ ಖರ್ಚಾಯಿತು. ಅದಕ್ಕೆ ಅದು ಚೆನ್ನಾಗೇ ಇತ್ತು.

ನಿಮ್ಮ ಟ್ರ್ಯಾಕ್ಟರ್‌ಗೆ ಪುಸ್ತಕದಲ್ಲಿರುವ ದರ್ಜೆ ನೋಡಿ. ಪೆಟ್ರೋಲ್ ಗಾಡಿಗೆ ಎಸ್ ಅಕ್ಷರದಿಂದ, ಡೀಸೆಲ್‌ಗೆ ಸಿ ಅಕ್ಷರದಿಂದ ಶುರುವಾಗುತ್ತದೆ. ಸಿಐ-4, ಸಿಕೆ-4 ಹೀಗೆ. ಎರಡನೇ ಅಕ್ಷರ ಮುಂದೆ ಮುಂದೆ ಹೋದಷ್ಟೂ ಹೊಸ ದರ್ಜೆ. ಉಳಿತಾಯ ಬೇಕಾದರೆ ಏಳೆಂಟು ಲೀಟರಿನ ಸೀಲ್ ಇರುವ ದೊಡ್ಡ ಕ್ಯಾನ್ ತಗೊಳ್ಳಿ, ಲೀಟರ್ ಲೆಕ್ಕದಲ್ಲಿ ಕಮ್ಮಿ ಬೀಳುತ್ತದೆ. ಸರ್ಕಾರಿ ಕಂಪನಿಯದು ಇನ್ನೂ ಕಮ್ಮಿ. ಸೀಲ್ ಒಡೆಯದ ಕ್ಯಾನು ಬಿಸಿಲು, ನೀರು ತಾಗದ ಕಡೆ ಮೂರು ನಾಲ್ಕು ವರ್ಷ ಏನೂ ಆಗುವುದಿಲ್ಲ. ಪಕ್ಕದ ತೋಟದವರ ಜೊತೆ ಸೇರಿ ತಂದುಕೊಂಡರೂ ಆಯಿತು.

ಪ್ರಶ್ನೆ: ಹಾಗಾದರೆ ಕಂಪನಿ ಡಬ್ಬಿಯೇ ನಕಲಿ ಆಗಿದ್ದರೆ?
— ಶಿರಾ

ಉತ್ತರ: ಆಗಿರಬಹುದು. ಹೆಸರುವಾಸಿ ಕಂಪನಿಯ ಡಬ್ಬಿಯೇ ಜಾಸ್ತಿ ನಕಲಾಗುವುದು. ಹೆಸರಿಲ್ಲದ್ದನ್ನು ಯಾರು ನಕಲು ಮಾಡುತ್ತಾರೆ? ನಮ್ಮ ಕಡೆ ಅಗ್ಗದ್ದೋ ದುಬಾರಿಯೋ ಅನ್ನುವುದಕ್ಕಿಂತ ಅಸಲಿಯೋ ನಕಲಿಯೋ ಅನ್ನುವುದು ದೊಡ್ಡ ಪ್ರಶ್ನೆ.

ಬಂಕಿನಲ್ಲೋ ಕಂಪನಿಯ ಡೀಲರ್ ಹತ್ತಿರವೋ ಬಿಲ್ ಸಮೇತ ತಗೊಳ್ಳಿ. ಮುಚ್ಚಳದ ಉಂಗುರ ಮುರಿದಿದೆಯಾ, ಒಳಗಿನ ಬೆಳ್ಳಿ ಹಾಳೆ ಅಂಟಿಸಿದ್ದು ಸರಿಯಾಗಿದೆಯಾ, ಡಬ್ಬಿ ಮೇಲಿನ ಬ್ಯಾಚ್ ನಂಬರ್ ಕೈಯಲ್ಲಿ ಒರೆಸಿದರೆ ಅಳಿಸುತ್ತದಾ ನೋಡಿ. ಎಂಆರ್‌ಪಿಗಿಂತ ಅರ್ಧಕ್ಕೆ ಕೊಡುತ್ತೇನೆ ಅಂದರೆ ನಮಸ್ಕಾರ ಹೇಳಿ ಹೊರಡಿ. ಈಗ ಸುಮಾರು ಕಂಪನಿಗಳು ಗೀರಿ ನೋಡುವ ನಂಬರೋ ಕ್ಯೂಆರ್ ಕೋಡೋ ಕೊಡುತ್ತವೆ, ಮೊಬೈಲ್‌ನಲ್ಲಿ ತಾಳೆ ನೋಡಬಹುದು.

ಆಯಿಲ್ ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ. ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ. ಬಿಟ್ಟರೆ ಸ್ಕ್ರೂಡ್ರೈವರಿನಿಂದ ತಳಕ್ಕೂ ಮುಚ್ಚಳಕ್ಕೂ ತೂತು ಹೊಡೆದು ಬಿಡಿ. ಚೆನ್ನಾಗಿರುವ ಖಾಲಿ ಡಬ್ಬಿಗೆ ಗುಜರಿಯವರು ಕೊಡುವ ಬೆಲೆ ಪ್ಲಾಸ್ಟಿಕ್‌ನ ಬೆಲೆಗಿಂತ ಜಾಸ್ತಿ ಇದ್ದರೆ ಯಾಕೆ ಅಂತ ಯೋಚಿಸಿ. ನಮ್ಮಲ್ಲಿ ಕೆಲಸಕ್ಕೆ ಸೇರಿದ ಹುಡುಗನಿಗೆ ನಾನು ಮೊದಲ ದಿನ ಕಲಿಸುವುದು ಸ್ಪ್ಯಾನರ್ ಹಿಡಿಯುವುದನ್ನಲ್ಲ, ಡಬ್ಬಿಗೆ ತೂತು ಹೊಡೆಯುವುದನ್ನ.

ಪ್ರಶ್ನೆ: ನೀವೇ ಆಯಿಲ್ ಮಾರುವವರು. ನಿಮ್ಮ ಮಾತು ಯಾಕೆ ನಂಬಬೇಕು?
— ಹೆಸರು ಬರೆದಿಲ್ಲ

ಉತ್ತರ: ಹೆಸರು ಬರೆಯದಿದ್ದರೂ ಪ್ರಶ್ನೆ ಚೆನ್ನಾಗಿದೆ. ಒಳಗಿನ ಲೆಕ್ಕ ಹೇಳಿಬಿಡುತ್ತೇನೆ.

ಆಯಿಲ್ ಡಬ್ಬಿಯಲ್ಲಿ ಮೆಕ್ಯಾನಿಕ್‌ಗೆ ಎರಡು ಲಾಭ. ಒಂದು ಮಾರಿದ ಮಾರ್ಜಿನ್. ಇನ್ನೊಂದು ಸ್ಕೀಮ್. ಡಬ್ಬಿಯ ಕೂಪನ್ ಕೂಡಿಟ್ಟರೆ, ಈಗ ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ, ಪಾಯಿಂಟ್ ಬರುತ್ತದೆ. ಪಾಯಿಂಟಿಗೆ ಟೀ ಶರ್ಟು, ಟೂಲ್ ಕಿಟ್ಟು, ಕುಕ್ಕರ್ರು. ತುಂಬಾ ಮಾರಿದವರಿಗೆ ಪ್ರವಾಸವೂ ಉಂಟು. ಹಾಗಾಗಿ ನಿಮ್ಮ ಮೆಕ್ಯಾನಿಕ್ ಇದ್ದಕ್ಕಿದ್ದ ಹಾಗೆ ಒಂದು ಕಂಪನಿಯ ಆಯಿಲ್ ಹೊಗಳಲು ಶುರು ಮಾಡಿದರೆ ಎಂಜಿನ್ ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ನಾನೂ ಒಂದು ವರ್ಷ ಒಂದೇ ಕಂಪನಿಯ ಆಯಿಲನ್ನು ಬಂದ ಬಂದವರಿಗೆಲ್ಲ ಹಾಕಿದ್ದೇನೆ. ಆಯಿಲ್ ಕೆಟ್ಟದ್ದಾಗಿರಲಿಲ್ಲ. ಪುಸ್ತಕದ ದರ್ಜೆಗೆ ಸರಿಯಾಗೇ ಇತ್ತು. ಆದರೆ ಅದಕ್ಕಿಂತ ಕಮ್ಮಿ ರೇಟಿನದು ಅದೇ ದರ್ಜೆಯಲ್ಲಿ ಪಕ್ಕದ ಬಂಕಿನಲ್ಲಿತ್ತು, ನಾನು ಹೇಳಲಿಲ್ಲ. ವರ್ಷದ ಕೊನೆಗೆ ಮಿಕ್ಸಿ ಬಂತು.

ಈಗ ನಾನು ಮಾಡುವುದು ಇಷ್ಟು. ಗಿರಾಕಿ ತಾವೇ ಡಬ್ಬಿ ತಂದರೂ ಹಾಕಿಕೊಡುತ್ತೇನೆ, ಕೂಲಿ ಮಾತ್ರ ತಗೊಳ್ಳುತ್ತೇನೆ. ದರ್ಜೆ ತಪ್ಪಿದ್ದರೆ ಹಾಕುವುದಿಲ್ಲ, ವಾಪಸ್ ಕಳಿಸುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಬೇರೆ ಗ್ಯಾರೇಜಿಗೆ ಹೋಗಿದ್ದೂ ಇದೆ.

ಮಿಕ್ಸಿ ಇನ್ನೂ ನಮ್ಮ ಮನೆಯಲ್ಲಿದೆ. ಯಾವುದೋ ಹೆಸರು ಕೇಳದ ಕಂಪನಿಯದು. ಹದಿಮೂರು ವರ್ಷದಿಂದ ದಿನಾ ಕಾಯಿ ಚಟ್ನಿ ರುಬ್ಬುತ್ತಿದೆ.